ಕೆನಡಾದಲ್ಲಿ ಎರಡು ಭಾಷೆ: ಕಾನೂನು ಸರ್ಕಾರಕ್ಕೆ, ಹೊರೆ ನೌಕರನಿಗೆ

ಕೆನಡಾದ ಕೇಂದ್ರ ಸರ್ಕಾರದ ಕೆಲಸಗಳ ಜಾಹೀರಾತು ನೋಡಿದವರಿಗೆ ಒಂದು ಸಾಲು ಕಣ್ಣಿಗೆ ಬಿದ್ದೇ ಬೀಳುತ್ತದೆ: 'ಬೈಲಿಂಗ್ವಲ್ ಇಂಪರೇಟಿವ್, ಬಿಬಿಬಿ/ಬಿಬಿಬಿ'. ಮೊದಲ ಸಲ ನೋಡಿದಾಗ ಯಾವುದೋ ಕಂಪನಿಯ ಸಾಲದ ರೇಟಿಂಗ್ ಅನ್ನಿಸುತ್ತದೆ. ವಿಷಯ ಇಷ್ಟೇ. ಈ ಹುದ್ದೆಗೆ ಇಂಗ್ಲಿಷ್, ಫ್ರೆಂಚ್ ಎರಡೂ ಬರಲೇಬೇಕು. ಸೇರಿದ ಮೇಲೆ ಕಲಿಯುತ್ತೇನೆ ಅಂದರೆ ನಡೆಯುವುದಿಲ್ಲ. ಮೂರು ಅಕ್ಷರಗಳಲ್ಲಿ ಮೊದಲನೆಯದು ಓದಿಗೆ, ಎರಡನೆಯದು ಬರಹಕ್ಕೆ, ಮೂರನೆಯದು ಮಾತಿಗೆ. ಎ ಅಂದರೆ ಕೆಳಗಿನ ಮಟ್ಟ, ಬಿ ನಡುವಿನದು, ಸಿ ಮೇಲಿನದು.

ಈ ಮೂರಕ್ಷರದ ಮೇಲೆ ರಾಜಧಾನಿ ಒಟ್ಟಾವಾದಲ್ಲಿ ಎಷ್ಟೋ ಜನರ ಬಡ್ತಿ ನಿಂತಿದೆ. ಬಿ ಬೇಕಾದರೆ ನಡೆದದ್ದನ್ನು ನಡೆದ ಹಾಗೆ ಹೇಳಲು ಬಂದರೆ ಸಾಕು: ನಿನ್ನೆ ಆಫೀಸಿನಲ್ಲಿ ಏನಾಯಿತು, ಈ ಫೈಲ್ ಯಾರ ಹತ್ತಿರ ಹೋಗಬೇಕು, ಹೀಗೆ. ಸಿ ಬೇಕಾದರೆ ಪ್ರಶ್ನೆ ಬೇರೆಯೇ ಆಗುತ್ತದೆ. 'ನಿಮ್ಮ ತಂಡದಲ್ಲಿ ಇಬ್ಬರು ಜಗಳ ಮಾಡಿಕೊಂಡಿದ್ದರೆ ನೀವೇನು ಮಾಡುತ್ತಿದ್ದಿರಿ? ಯಾಕೆ?' ಆಗಿರದಿದ್ದದ್ದನ್ನು ಆಗಿದ್ದರೆ ಅಂತ ಊಹಿಸಿ, ಅಭಿಪ್ರಾಯ ಹೇಳಿ, ಅದನ್ನು ಸಮರ್ಥಿಸಿಕೊಳ್ಳಬೇಕು. ಅದೂ ಎರಡನೇ ಭಾಷೆಯಲ್ಲಿ, ಎದುರಿಗೆ ಪರೀಕ್ಷಕರು ಕೇಳುತ್ತಿರುವಾಗ. ಐವತ್ತು ವರ್ಷ ದಾಟಿದ ಅಧಿಕಾರಿಗಳು ಹೆದರುವುದು ಈ ಮಾತಿನ ಪರೀಕ್ಷೆಗೇ. 2025ರ ಜೂನ್ 20ರಿಂದ ನಿಯಮ ಇನ್ನೂ ಬಿಗಿಯಾಗಿದೆ. ದ್ವಿಭಾಷಾ ಪ್ರದೇಶಗಳಲ್ಲಿ ಇಂಥ ಹುದ್ದೆಯ ಮೇಲ್ವಿಚಾರಕರಾಗಿ ಹೊಸದಾಗಿ ಬರುವವರಿಗೆ ಬಿಬಿಬಿ ಸಾಲದು, ಸಿಬಿಸಿ ಬೇಕು.

ಎರಡು ಅಧಿಕೃತ ಭಾಷೆಯ ದೇಶ ಅಂದ ಕೂಡಲೇ ಅಲ್ಲಿ ಎಲ್ಲರಿಗೂ ಎರಡೂ ಭಾಷೆ ಬರುತ್ತದೆ ಅಂದುಕೊಳ್ಳುತ್ತೇವೆ. ಹಾಗೇನಿಲ್ಲ. 2021ರ ಜನಗಣತಿಯ ಪ್ರಕಾರ ಎರಡರಲ್ಲೂ ಮಾತಾಡಬಲ್ಲವರು ನೂರಕ್ಕೆ 18 ಮಂದಿ ಮಾತ್ರ. ಅದರಲ್ಲೂ ಹಂಚಿಕೆ ನೋಡಿ. ಫ್ರೆಂಚ್ ಮಾತಾಡುವವರೇ ಹೆಚ್ಚಿರುವ ಕ್ವಿಬೆಕ್ ಪ್ರಾಂತ್ಯದಲ್ಲಿ ಶೇ 46.4, ಅದರ ಹೊರಗೆ ಶೇ 9.5. ಅಂದರೆ ಎರಡು ಭಾಷೆ ಕಲಿಯುವ ಕೆಲಸವನ್ನು ಜಾಸ್ತಿ ಮಾಡುತ್ತಿರುವವರು ಫ್ರೆಂಚ್ ಕಡೆಯವರೇ.

1969ರಲ್ಲಿ ಪಿಯರ್ ಟ್ರುಡೊ ಸರ್ಕಾರ ಅಧಿಕೃತ ಭಾಷೆಗಳ ಕಾಯ್ದೆ ತಂದಾಗ ಎಲ್ಲರನ್ನೂ ದ್ವಿಭಾಷಿಗಳಾಗಿ ಮಾಡುವ ಆಸೆಯೇನೂ ಅದರಲ್ಲಿ ಇರಲಿಲ್ಲ. ಜನ ತಮ್ಮ ಒಂದೇ ಭಾಷೆಯಲ್ಲಿ ಆರಾಮಾಗಿ ಇರಲಿ, ಅವರಿಗಾಗಿ ಸರ್ಕಾರ ಎರಡೂ ಭಾಷೆ ಆಡಲಿ ಅನ್ನುವುದು ಅದರ ಲೆಕ್ಕ. ಕಾಗದದ ಮೇಲೆ ಒಳ್ಳೆಯ ಲೆಕ್ಕವೇ. ಆದರೆ ಸರ್ಕಾರಕ್ಕೆ ತನ್ನದೇ ಬಾಯಿ ಎಲ್ಲಿದೆ? ಕೌಂಟರಿನಲ್ಲಿ ಕೂತವರ ಬಾಯಿಂದಲೇ ಅದು ಮಾತಾಡಬೇಕು. ಆ ಕೌಂಟರಿನಲ್ಲಿ ಯಾರು ಕೂರಬಹುದು, ಎರಡನೇ ಭಾಷೆಯ ಕಷ್ಟ ಯಾರು ಪಡಬೇಕು, ಅದರ ಲಾಭ ಯಾರಿಗೆ ಸಿಗುತ್ತದೆ? ಅರ್ಧ ಶತಮಾನದಿಂದ ಕೆನಡಾದಲ್ಲಿ ನಡೆಯುತ್ತಿರುವ ಭಾಷೆಯ ಜಗಳ ಬಹುಪಾಲು ಇದರ ಮೇಲೆಯೇ.

ಸ್ವಲ್ಪ ಹಿಂದೆ ಹೋಗಬೇಕು. 1960ರ ದಶಕದಲ್ಲಿ ಕ್ವಿಬೆಕ್‌ನ ದೊಡ್ಡ ನಗರ ಮಾಂಟ್ರಿಯಲ್‌ನಲ್ಲಿ ಜನಸಂಖ್ಯೆಯಲ್ಲಿ ಫ್ರೆಂಚರೇ ಹೆಚ್ಚು, ಆದರೆ ಬ್ಯಾಂಕು, ರೈಲ್ವೆ, ಕಾರ್ಖಾನೆಗಳ ಮೇಲಂತಸ್ತಿನಲ್ಲಿ ಇಂಗ್ಲಿಷ್. ಕೆಳಗೆ ಯಂತ್ರದ ಮುಂದೆ ಫ್ರೆಂಚ್. 1962ರಲ್ಲಿ ಸರ್ಕಾರಿ ರೈಲ್ವೆ ಕಂಪನಿ ಸಿಎನ್‌ನ ಅಧ್ಯಕ್ಷ ಡೊನಾಲ್ಡ್ ಗಾರ್ಡನ್ ಅವರನ್ನು ಸಂಸದೀಯ ಸಮಿತಿ ಕೇಳಿತು: ನಿಮ್ಮ ಉಪಾಧ್ಯಕ್ಷರಲ್ಲಿ ಒಬ್ಬರೂ ಫ್ರೆಂಚ್ ಕೆನಡಿಯನ್ ಯಾಕಿಲ್ಲ? ಬಡ್ತಿ ಕೊಡುವುದು ಅರ್ಹತೆ ನೋಡಿ ಅನ್ನುವ ಅರ್ಥದ ಉತ್ತರ ಬಂತು. ಮಾಂಟ್ರಿಯಲ್‌ನ ವಿದ್ಯಾರ್ಥಿಗಳು ಬೀದಿಗಿಳಿದು ಅವರ ಪ್ರತಿಕೃತಿ ಸುಟ್ಟರು.

ಮರುವರ್ಷ, 1963ರಲ್ಲಿ, ದ್ವಿಭಾಷೆ ಮತ್ತು ದ್ವಿಸಂಸ್ಕೃತಿ ಕುರಿತ ರಾಯಲ್ ಆಯೋಗ ಬಂತು. ಅದು 1961ರ ಜನಗಣತಿಯ ಅಂಕಿ ಹಿಡಿದು ಕ್ವಿಬೆಕ್‌ನ ಗಂಡಸರ ಸಂಪಾದನೆಯನ್ನು ಮೂಲದ ಪ್ರಕಾರ ಹೋಲಿಸಿತು. 14 ಗುಂಪುಗಳಲ್ಲಿ ಫ್ರೆಂಚರದ್ದು 12ನೇ ಸ್ಥಾನ. ತಮ್ಮದೇ ಪ್ರಾಂತ್ಯದಲ್ಲಿ, ತಾವೇ ಬಹುಸಂಖ್ಯಾತರಾಗಿದ್ದಾಗ! ಭಾಷೆಯ ಪ್ರಶ್ನೆ ಅಂದರೆ ಬರೀ ಅಭಿಮಾನದ ಪ್ರಶ್ನೆ ಅಂದುಕೊಂಡಿದ್ದವರಿಗೆ ಆ ಪಟ್ಟಿ ಸಂಬಳದ ಚೀಟಿಯನ್ನೇ ತೆಗೆದು ತೋರಿಸಿತು.

ಇಲ್ಲಿಂದ ಮುಂದೆ ದಾರಿ ಎರಡಾಯಿತು. ಒಟ್ಟಾವಾ ಸೇವೆಯ ದಾರಿ ಹಿಡಿಯಿತು: ನಾಗರಿಕ ಯಾವ ಭಾಷೆಯಲ್ಲಿ ಬಂದರೂ ಅದೇ ಭಾಷೆಯಲ್ಲಿ ಉತ್ತರ ಸಿಗಬೇಕು. ಕ್ವಿಬೆಕ್ ಕೆಲಸದ ದಾರಿ ಹಿಡಿಯಿತು. ನನ್ನ ಪ್ರಕಾರ ಎರಡನೆಯದೇ ಹೆಚ್ಚು ದೂರ ನೋಡಿದ್ದು, ಅದರಲ್ಲಿ ತಪ್ಪುಗಳೂ ಕಮ್ಮಿ ಇಲ್ಲದಿದ್ದರೂ.

ಯಾಕೆ ಅಂದರೆ, ಮಾಂಟ್ರಿಯಲ್‌ನ ಸಾಂ ಲೆಯೊನಾರ್‌ ಬಡಾವಣೆಯಲ್ಲಿ ಆದದ್ದನ್ನು ನೋಡಿ. ಅಲ್ಲಿ ಇಟಲಿಯಿಂದ ಬಂದ ಕುಟುಂಬಗಳು ಬಹಳ. ಸುತ್ತಮುತ್ತ ಫ್ರೆಂಚರೇ ಇದ್ದರೂ ಇವರು ಮಕ್ಕಳನ್ನು ಇಂಗ್ಲಿಷಿಗೆ ಹಾಕುತ್ತಿದ್ದರು. 1968ರಲ್ಲಿ ಶಾಲಾ ಮಂಡಳಿ ಅದನ್ನು ನಿಲ್ಲಿಸಲು ಹೋಯಿತು, 1969ರಲ್ಲಿ ಬೀದಿಯಲ್ಲಿ ಹೊಡೆದಾಟವೇ ಆಯಿತು. ಆ ಅಪ್ಪ ಅಮ್ಮಂದಿರಿಗೆ ಫ್ರೆಂಚ್ ಮೇಲೇನೂ ದ್ವೇಷ ಇರಲಿಲ್ಲ. ಒಳ್ಳೆಯ ಕೆಲಸ ಯಾವ ಭಾಷೆಯಲ್ಲಿದೆಯೋ ಮಗು ಆ ಶಾಲೆಗೆ, ಅಷ್ಟೇ. ಈ ಲೆಕ್ಕವನ್ನು ಕನ್ನಡ ಓದುಗರಿಗೆ ಬಿಡಿಸಿ ಹೇಳುವ ಅಗತ್ಯ ಇಲ್ಲ ಅಲ್ವಾ.

1977ರಲ್ಲಿ ರೆನೆ ಲೆವೆಕ್ ಸರ್ಕಾರ ತಂದ ಫ್ರೆಂಚ್ ಭಾಷಾ ಸನ್ನದು, ಅಂದರೆ ಎಲ್ಲರೂ 'ಬಿಲ್ 101' ಅನ್ನುವ ಕಾನೂನು, ಶಾಲೆ ಮತ್ತು ಕೆಲಸ ಎರಡನ್ನೂ ಒಟ್ಟಿಗೆ ಹಿಡಿಯಿತು. ಹೊರಗಿನ ಓದುಗರಿಗೆ ಗೊತ್ತಿರುವುದು ಅದರ ಬೋರ್ಡಿನ ನಿಯಮ (ಅಂಗಡಿ ಬೋರ್ಡು ಫ್ರೆಂಚಿನಲ್ಲಿರಬೇಕು) ಮತ್ತು ಶಾಲೆಯ ನಿಯಮ (ವಲಸಿಗರ ಮಕ್ಕಳು ಫ್ರೆಂಚ್ ಶಾಲೆಗೇ ಹೋಗಬೇಕು). ಬೋರ್ಡಿನ ಜಗಳಕ್ಕೆ ಸುದ್ದಿಯಲ್ಲಿ ಜಾಗ ಜಾಸ್ತಿ. ಆದರೆ ಅದರ ನಿಜವಾದ ಬಲ ಇರುವುದು ಯಾರೂ ಓದದ ಭಾಗದಲ್ಲಿ. ಕೆಲಸಗಾರನಿಗೆ ಫ್ರೆಂಚಿನಲ್ಲೇ ಕೆಲಸ ಮಾಡುವ ಹಕ್ಕಿದೆ. ಫ್ರೆಂಚ್ ಮಾತ್ರ ಬರುತ್ತದೆ ಅಂತ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ, ಬಡ್ತಿ ತಪ್ಪಿಸುವಂತಿಲ್ಲ. ಹುದ್ದೆಗೆ ಇಂಗ್ಲಿಷ್ ಬೇಕು ಅಂತ ಮಾಲೀಕ ಸುಮ್ನೆ ಬರೆಯುವ ಹಾಗಿಲ್ಲ, ಯಾಕೆ ಬೇಕು ಅಂತ ತೋರಿಸಬೇಕು. 50 ಅಥವಾ ಹೆಚ್ಚು ಜನ ದುಡಿಯುವ ಕಂಪನಿ ತನ್ನ ಒಳಗಿನ ಕೆಲಸ ಫ್ರೆಂಚಿನಲ್ಲಿ ನಡೆಯುತ್ತದೆ ಅಂತ ಪ್ರಮಾಣಪತ್ರ ಪಡೆಯಬೇಕು. ಕೈಪಿಡಿ, ಸಾಫ್ಟ್‌ವೇರ್, ಆಂತರಿಕ ಸುತ್ತೋಲೆ ಎಲ್ಲ ಇದರೊಳಗೆ ಬರುತ್ತದೆ. 100 ಅಥವಾ ಹೆಚ್ಚು ಜನ ಇದ್ದರೆ ಕಂಪನಿಯೊಳಗೇ ಒಂದು ಸಮಿತಿ ಇರಬೇಕು, ಅದರಲ್ಲಿ ಅರ್ಧ ಜನ ಕೆಲಸಗಾರರ ಪ್ರತಿನಿಧಿಗಳು.

ಇದಕ್ಕೆ ಬೆಲೆಯೂ ತೆರಬೇಕಾಯಿತು. 1978ರಲ್ಲಿ ಸನ್ ಲೈಫ್ ವಿಮಾ ಕಂಪನಿ ಭಾಷಾ ಕಾನೂನಿನ ಹೆಸರು ಹೇಳಿಯೇ ಮುಖ್ಯ ಕಚೇರಿಯನ್ನು ಟೊರೊಂಟೊಗೆ ಒಯ್ಯುವುದಾಗಿ ಘೋಷಿಸಿತು. ಸಾವಿರಾರು ಇಂಗ್ಲಿಷ್ ಕುಟುಂಬಗಳು ಊರು ಬಿಟ್ಟವು. ಇನ್ನೊಂದು ಕಡೆ, ಶತಮಾನ ಮುಗಿಯುವ ಹೊತ್ತಿಗೆ ಇಂಗ್ಲಿಷ್ ಮತ್ತು ಫ್ರೆಂಚ್ ಗಂಡಸರ ಸಂಪಾದನೆಯ ಅಂತರ ಬಹುಮಟ್ಟಿಗೆ ಕರಗಿತ್ತು. ಕಾನೂನೊಂದೇ ಮಾಡಿದ್ದಲ್ಲ ಇದು. 1963ರಲ್ಲಿ ಖಾಸಗಿ ವಿದ್ಯುತ್ ಕಂಪನಿಗಳನ್ನು ಸೇರಿಸಿಕೊಂಡು ದೊಡ್ಡದಾದ ಹೈಡ್ರೊ-ಕ್ವಿಬೆಕ್, ಉತ್ತರದ ಮಾನಿಕ್ವಾಗನ್ ನದಿಯ ಅಣೆಕಟ್ಟುಗಳನ್ನು ಫ್ರೆಂಚ್ ಎಂಜಿನಿಯರುಗಳಿಂದ, ಫ್ರೆಂಚಿನಲ್ಲೇ ಕಟ್ಟಿಸಿತು. ಆ ಭಾಷೆಯಲ್ಲಿ ಅಷ್ಟು ದೊಡ್ಡ ಕೆಲಸ ಆಗುವುದನ್ನು ಜನ ಕಣ್ಣಾರೆ ನೋಡಿದ್ದರು. ಬಿಲ್ 101 ಬಂದದ್ದು ಅದಾದ ಮೇಲೆ.

ನಮ್ಮ ಕಡೆ ಭಾಷೆಯ ಚರ್ಚೆ ಎದ್ದಾಗೆಲ್ಲ ಕ್ವಿಬೆಕ್ ಹೆಸರು ಬರುತ್ತದೆ. ಒಂದು ವ್ಯತ್ಯಾಸ ಮಾತ್ರ ಕೈತಪ್ಪಿ ಹೋಗುತ್ತದೆ. 2024ರ ಜುಲೈನಲ್ಲಿ ಕರ್ನಾಟಕದ ಸಂಪುಟ ಒಪ್ಪಿ, ಎರಡೇ ದಿನಕ್ಕೆ ತಡೆಹಿಡಿದ ಸ್ಥಳೀಯರ ಉದ್ಯೋಗ ಮಸೂದೆ ಹುಟ್ಟಿದ ಜಾಗ ಕೇಳಿತ್ತು, 15 ವರ್ಷದ ವಾಸ ಕೇಳಿತ್ತು, ಜೊತೆಗೆ ಕನ್ನಡ ಕೇಳಿತ್ತು. ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಅಂತ ಪಾಲು ಹಾಕಿತ್ತು. ಕ್ವಿಬೆಕ್ ಕಾನೂನಿನಲ್ಲಿ ಯಾರು ಎಲ್ಲಿ ಹುಟ್ಟಿದರು ಅನ್ನುವ ಮಾತೇ ಇಲ್ಲ. ಹೈಟಿಯಿಂದ ಬಂದವನಿಗೂ ಅಲ್ಜೀರಿಯಾದಿಂದ ಬಂದವಳಿಗೂ ಅಲ್ಲಿ ಅದೇ ಹಕ್ಕು. ಅದು ಆಳಿನ ಮೂಲ ಕೇಳುವುದಿಲ್ಲ, ಆಫೀಸಿನ ಭಾಷೆ ಕೇಳುತ್ತದೆ. ಎರಡೂ ಬೇರೆ ಬೇರೆ ಕಾನೂನುಗಳು.

2022ರ ಬಿಲ್ 96 ಈ ಹಗ್ಗವನ್ನು ಮತ್ತಷ್ಟು ಬಿಗಿ ಮಾಡಿತು. 2025ರ ಜೂನ್‌ನಿಂದ 25 ಜನರ ಸಣ್ಣ ಕಂಪನಿಗಳೂ ಪ್ರಮಾಣಪತ್ರದ ನಿಯಮಕ್ಕೆ ಸೇರಿವೆ. ಹೊಸ ವಲಸಿಗರ ಜೊತೆ ಪ್ರಾಂತ್ಯ ಸರ್ಕಾರ ಆರು ತಿಂಗಳ ನಂತರ ಫ್ರೆಂಚಿನಲ್ಲೇ ವ್ಯವಹರಿಸಬೇಕು ಅನ್ನುತ್ತದೆ ಕಾನೂನು, ಆರೋಗ್ಯದಂಥ ಕೆಲವು ವಿನಾಯಿತಿ ಬಿಟ್ಟು. ಹಗಲು ಫ್ಯಾಕ್ಟರಿಯಲ್ಲಿ, ರಾತ್ರಿ ಡೆಲಿವರಿಯಲ್ಲಿ ದುಡಿಯುವವನು ಆರು ತಿಂಗಳಲ್ಲಿ ತೆರಿಗೆಯ ಪತ್ರ ಓದುವಷ್ಟು ಫ್ರೆಂಚ್ ಯಾವಾಗ ಕಲಿಯಬೇಕು? ಇದು ನನಗೆ ಅತಿಯೇ ಅನ್ನಿಸುತ್ತದೆ. ಕಲಿಸುವ ಹೊಣೆ ಹೊರುವ ಮೊದಲೇ ಕೇಳುವ ಗಡುವು ಇಟ್ಟ ಹಾಗೆ.

ಮಾಂಟ್ರಿಯಲ್‌ನ ಅಂಗಡಿಗೆ ಹೋದರೆ ಇನ್ನೊಂದು ಮಜಾ. ಕೌಂಟರಿನ ಹುಡುಗಿ 'ಬೋಂಜೂರ್, ಹಾಯ್' ಅನ್ನುತ್ತಾಳೆ, ಮೊದಲು ಫ್ರೆಂಚಿನ ನಮಸ್ಕಾರ, ಆಮೇಲೆ ಇಂಗ್ಲಿಷಿನದು. ಗಿರಾಕಿ ಯಾವುದಕ್ಕೆ ಉತ್ತರ ಕೊಟ್ಟರೋ ಮುಂದಿನ ಮಾತು ಆ ಭಾಷೆಯಲ್ಲಿ. ಜಾಣ ಉಪಾಯ, ಯಾರಿಗೂ ನೋವಿಲ್ಲ. ಆದರೆ 2017ರ ನವೆಂಬರಿನಲ್ಲಿ ಕ್ವಿಬೆಕ್ ಶಾಸನಸಭೆ ಇದರ ಬಗ್ಗೆ ಒಂದು ನಿರ್ಣಯವನ್ನೇ ಮಾಡಿತು. ಅಂಗಡಿಯವರು ದಯವಿಟ್ಟು 'ಬೋಂಜೂರ್' ಅಂತ ಮಾತ್ರ ಸ್ವಾಗತಿಸಲಿ ಅಂತ. ಒಂದೂ ವಿರೋಧದ ಮತ ಬೀಳಲಿಲ್ಲ! ಹೊರಗಿನವರು ನಕ್ಕರು. ಒಳಗಿನ ಭಯ ನಗುವಂಥದ್ದಲ್ಲ. ಪ್ರತಿ ಸಲವೂ ಇಬ್ಬರಲ್ಲಿ ಒಬ್ಬರು ಬದಲಿಸಿಕೊಳ್ಳಬೇಕಾಗಿ ಬಂದಾಗ ಬದಲಿಸಿಕೊಳ್ಳುವವರು ಯಾವಾಗಲೂ ಫ್ರೆಂಚರೇ ಅನ್ನುವುದು ಆ ಭಯ.

ಅದಕ್ಕೆ ಸಾಕ್ಷಿ ಹುಡುಕಲು ಬಹಳ ದೂರ ಹೋಗಬೇಕಿಲ್ಲ, ಒಟ್ಟಾವಾದ ಸರ್ಕಾರಿ ಮೀಟಿಂಗಿಗೆ ಹೋದರೆ ಸಾಕು. ಕಾನೂನಿನ ಪ್ರಕಾರ ಒಟ್ಟಾವಾ, ಗಾಟಿನೊ, ಮಾಂಟ್ರಿಯಲ್, ನ್ಯೂ ಬ್ರನ್ಸ್‌ವಿಕ್, ಒಂಟಾರಿಯೊದ ಕೆಲವು ಭಾಗಗಳಲ್ಲಿ ಕೇಂದ್ರ ನೌಕರರು ತಮಗೆ ಬೇಕಾದ ಭಾಷೆಯಲ್ಲಿ ಕೆಲಸ ಮಾಡಬಹುದು. ಮೀಟಿಂಗ್ ಶುರುವಾಗುತ್ತದೆ. ನಿರ್ದೇಶಕರು 'ಬೋಂಜೂರ್ ತು ಲೆ ಮೋಂದ್' (ಎಲ್ಲರಿಗೂ ನಮಸ್ಕಾರ) ಅನ್ನುತ್ತಾರೆ, ಎರಡು ವಾಕ್ಯ ಫ್ರೆಂಚ್ ಓದುತ್ತಾರೆ, ಯಾರು ಯಾವ ಭಾಷೆಯಲ್ಲಿ ಬೇಕಾದರೂ ಮಾತಾಡಿ ಅನ್ನುತ್ತಾರೆ. ಅಲ್ಲಿಂದ ಕೊನೆಯವರೆಗೂ ಇಂಗ್ಲಿಷ್. ಹತ್ತು ಜನರಲ್ಲಿ ಒಬ್ಬರಿಗೆ ಫ್ರೆಂಚ್ ಬಾರದಿದ್ದರೂ ಮಿಕ್ಕವರು ಹೊಂದಿಕೊಳ್ಳುತ್ತಾರೆ. ವರದಿಯ ಮೊದಲ ಕರಡು ಇಂಗ್ಲಿಷಿನಲ್ಲೇ ತಯಾರಾಗುತ್ತದೆ, ಆಮೇಲೆ ಅನುವಾದಕ್ಕೆ ಹೋಗುತ್ತದೆ. ಅನುವಾದ ತಡವಾದರೆ ಪಕ್ಕದ ಮೇಜಿನ ಫ್ರೆಂಚ್ ಸಹೋದ್ಯೋಗಿಗೆ 'ಒಂದ್ಸಲ ನೋಡಿಬಿಡ್ತೀರಾ' ಅಂತ ಬರುತ್ತದೆ. ಅದು ಅವರ ಕೆಲಸದ ಪಟ್ಟಿಯಲ್ಲಿ ಇಲ್ಲ. ದ್ವಿಭಾಷಾ ಬೋನಸ್ ಅಂತ ಒಂದಿದೆ, ವರ್ಷಕ್ಕೆ 800 ಡಾಲರ್. 1977ರಲ್ಲಿ ಶುರುವಾದಾಗಿನಿಂದ ಅಷ್ಟೇ. ತಿಂಗಳಿಗೆ 67 ಡಾಲರೂ ಆಗುವುದಿಲ್ಲ, ಅದರಲ್ಲೂ ತೆರಿಗೆ ಹೋಗುತ್ತದೆ.

ಮೇಲಿನವರು ಬೇರೆ ನಿಯಮದಲ್ಲಿ ಬದುಕುತ್ತಾರೆ ಅನ್ನುವ ಸಿಟ್ಟು ಹೊತ್ತಿಕೊಂಡದ್ದು 2021ರ ನವೆಂಬರಿನಲ್ಲಿ. ಏರ್ ಕೆನಡಾ ಖಾಸಗಿಯಾದರೂ ಅಧಿಕೃತ ಭಾಷೆಗಳ ಕಾಯ್ದೆಗೆ ಒಳಪಟ್ಟ ಕಂಪನಿ, ಮುಖ್ಯ ಕಚೇರಿ ಇರುವುದು ಮಾಂಟ್ರಿಯಲ್‌ನಲ್ಲಿ. ಅದರ ಸಿಇಒ ಮೈಕೆಲ್ ರೂಸೊ ಅಲ್ಲಿನ ವಾಣಿಜ್ಯ ಮಂಡಳಿಯಲ್ಲಿ ಹೆಚ್ಚುಕಮ್ಮಿ ಪೂರ್ತಿ ಇಂಗ್ಲಿಷಿನಲ್ಲಿ ಭಾಷಣ ಮಾಡಿದರು. ಪತ್ರಕರ್ತರು ಕೇಳಿದಾಗ, 14 ವರ್ಷದಿಂದ ಮಾಂಟ್ರಿಯಲ್‌ನಲ್ಲಿದ್ದೇನೆ, ಫ್ರೆಂಚ್ ಇಲ್ಲದೆಯೂ ಬದುಕಲು ಆಗಿದೆ, ಅದು ಈ ಊರಿನ ಹೆಗ್ಗಳಿಕೆ ಅನ್ನುವ ಅರ್ಥದಲ್ಲಿ ಉತ್ತರಿಸಿದರು. ಮರುದಿನ ಕ್ಷಮೆ ಕೇಳಿದರು, ಫ್ರೆಂಚ್ ಕಲಿಯುತ್ತೇನೆ ಅಂದರು. ಅದೇ ಕಂಪನಿಯ ವಿಮಾನದಲ್ಲಿ ನೀರು ಕೊಡುವವರು ಮಾತ್ರ ಎರಡು ಭಾಷೆಯಲ್ಲಿ ಮಾತಾಡಬೇಕು.

ಹಾಗಂತ ಇಂಗ್ಲಿಷ್ ಕಡೆಯವರ ದೂರೆಲ್ಲ ಸುಳ್ಳು ಅಂತಲ್ಲ. ಮಧ್ಯ ಸಸ್ಕಾಚೆವಾನ್‌ನ ಹಳ್ಳಿಯಲ್ಲಿ ಹುಟ್ಟಿದವನಿಗೆ ಫ್ರೆಂಚ್ ಕಿವಿಗೆ ಬೀಳುವುದು ಎಲ್ಲಿ? ಇಂಗ್ಲಿಷ್ ಮಕ್ಕಳಿಗೆ ಫ್ರೆಂಚಿನಲ್ಲೇ ಪಾಠ ಮಾಡುವ 'ಇಮರ್ಶನ್' ಶಾಲೆಗಳು 1965ರಲ್ಲಿ ಮಾಂಟ್ರಿಯಲ್ ಪಕ್ಕದ ಸೇಂಟ್ ಲ್ಯಾಂಬರ್ಟ್‌ನಲ್ಲಿ ಕೆಲವು ತಾಯಂದಿರ ಒತ್ತಾಯದಿಂದ ಶುರುವಾದವು, ಈಗ ದೇಶದ ತುಂಬ ಇವೆ. ಆದರೆ ಸೀಟು ಎಲ್ಲರಿಗೂ ಸಿಗುವುದಿಲ್ಲ. ಹೆಚ್ಚಾಗಿ ಸಿಗುವುದು ಮೊದಲೇ ವಿಚಾರಿಸಿ ಸಾಲಿನಲ್ಲಿ ನಿಲ್ಲುವ ಮಧ್ಯಮ ವರ್ಗದವರ ಮಕ್ಕಳಿಗೆ. ಹೀಗಾಗಿ ಮೂವತ್ತು ವರ್ಷದ ನಂತರ ಯಾರು ಉಪಕಾರ್ಯದರ್ಶಿ ಆಗಬಹುದು ಅನ್ನುವುದು ಸ್ವಲ್ಪ ಮಟ್ಟಿಗೆ ಒಂದನೇ ಕ್ಲಾಸಿನಲ್ಲೇ ತೀರ್ಮಾನವಾಗುತ್ತದೆ.

ದೇಶದಲ್ಲಿ ಅಧಿಕೃತವಾಗಿ ಎರಡು ಭಾಷೆಯ ಪ್ರಾಂತ್ಯ ಅಂತ ಇರುವುದು ಒಂದೇ, ನ್ಯೂ ಬ್ರನ್ಸ್‌ವಿಕ್. ಸುಮಾರು ಮೂರನೇ ಒಂದು ಭಾಗ ಫ್ರೆಂಚರು. ಅಲ್ಲಿ ಜಗಳ ಆಂಬುಲೆನ್ಸ್ ತನಕ ಬಂದಿದೆ. ಎದೆನೋವಿನಲ್ಲಿರುವ ಮುದುಕಿ ತನ್ನ ಭಾಷೆಯಲ್ಲಿ ನೋವು ಹೇಳಿಕೊಳ್ಳಬೇಕು ಅನ್ನುತ್ತಾರೆ ಒಬ್ಬರು. ಎರಡು ಭಾಷೆ ಬಲ್ಲ ಸಿಬ್ಬಂದಿ ಸಿಗದೆ ಗಾಡಿಯೇ ನಿಂತರೆ ಯಾವ ಭಾಷೆಯಲ್ಲಿ ಹೇಳಿ ಏನು ಪ್ರಯೋಜನ ಅನ್ನುತ್ತಾರೆ ಇನ್ನೊಬ್ಬರು. ಇಬ್ಬರೂ ಸರಿಯೇ. 2018ರ ಚುನಾವಣೆಯಲ್ಲಿ ಇದನ್ನೇ ಹಿಡಿದ ಪೀಪಲ್ಸ್ ಅಲಯನ್ಸ್ ಪಕ್ಷ ಮೂರು ಸೀಟು ಗೆದ್ದಿತು.

ಇವರಿಬ್ಬರ ನಡುವೆ ಮೂರನೆಯವರ ಕಥೆ ಕೇಳುವವರೇ ಕಮ್ಮಿ. 2021ರ ಜನಗಣತಿಯಲ್ಲಿ ಇಂಗ್ಲಿಷೂ ಅಲ್ಲದ ಫ್ರೆಂಚೂ ಅಲ್ಲದ ಮಾತೃಭಾಷೆ ಇರುವವರು, ಒಂದಕ್ಕಿಂತ ಹೆಚ್ಚು ಮಾತೃಭಾಷೆ ಹೇಳಿದವರನ್ನೂ ಸೇರಿಸಿ, ಸುಮಾರು 90 ಲಕ್ಷ. ಅಂದರೆ ನಾಲ್ವರಲ್ಲಿ ಒಬ್ಬರು. ಪಂಜಾಬಿ, ಹಿಂದಿ, ಇಂಗ್ಲಿಷ್ ಮೂರೂ ಸರಾಗವಾಗಿ ಆಡುವ ಬ್ರ್ಯಾಂಪ್ಟನ್‌ನ ಹುಡುಗಿ ಸರ್ಕಾರದ ಫಾರಂನಲ್ಲಿ ಏಕಭಾಷಿ. ಕ್ರೀ ಭಾಷೆ ಬಲ್ಲ ಆದಿವಾಸಿ ನೌಕರ ತನ್ನ ಜನರ ಜೊತೆ ಅದೇ ಭಾಷೆಯಲ್ಲಿ ಕೆಲಸ ಮಾಡಿದರೂ ಆ 800 ಡಾಲರ್ ಸಿಗುವುದಿಲ್ಲ. ನೌಕರರ ಸಂಘ ಇದರ ಬಗ್ಗೆ ದನಿ ಎತ್ತಿದೆ.

2021ರಲ್ಲಿ ಮೇರಿ ಸೈಮನ್ ಗವರ್ನರ್ ಜನರಲ್ (ಕೆನಡಾದಲ್ಲಿ ಬ್ರಿಟಿಷ್ ದೊರೆಯ ಪ್ರತಿನಿಧಿ) ಆದಾಗ ಈ ಗೊಂದಲ ಪೂರ್ತಿ ಬಯಲಿಗೆ ಬಂತು. ಆ ಹುದ್ದೆಗೆ ಬಂದ ಮೊದಲ ಆದಿವಾಸಿ ಅವರು. ಹುಟ್ಟಿದ್ದು ಕ್ವಿಬೆಕ್‌ನ ಉತ್ತರ ತುದಿಯ ನುನಾವಿಕ್ ಪ್ರದೇಶದಲ್ಲಿ. ಅಲ್ಲಿನ ಇನುಯಿಟ್ ಜನರ ಭಾಷೆ ಇನುಕ್ಟಿಟುಟ್ ಬರುತ್ತದೆ, ಇಂಗ್ಲಿಷ್ ಬರುತ್ತದೆ, ಫ್ರೆಂಚ್ ಬರುತ್ತಿರಲಿಲ್ಲ. ಭಾಷಾ ಆಯುಕ್ತರಿಗೆ ಸಾವಿರಕ್ಕೂ ಹೆಚ್ಚು ದೂರು ಹೋದವು. ಸೈಮನ್ ಅವರ ಉತ್ತರ ಸರಳ: ನಾನು ಓದಿದ ಕೇಂದ್ರ ಸರ್ಕಾರದ ಶಾಲೆಯಲ್ಲಿ ಫ್ರೆಂಚ್ ಕಲಿಯಲು ಅವಕಾಶವೇ ಇರಲಿಲ್ಲ. ಎರಡು ಭಾಷೆಯ ದೇಶ ಅನ್ನಿಸಿಕೊಂಡ ಸರ್ಕಾರ ತನ್ನ ಶಾಲೆಯಲ್ಲಿ ಒಂದನ್ನು ಕಲಿಸಲಿಲ್ಲ, ಮಗುವಿನ ಸ್ವಂತ ಭಾಷೆಗಂತೂ ಜಾಗವನ್ನೇ ಕೊಡಲಿಲ್ಲ, ಅರವತ್ತು ವರ್ಷದ ಮೇಲೆ ಯಾಕೆ ಬರಲ್ಲ ಅಂತ ಕೇಳಿತು.

ಈಗ ಈ ಕಥೆಯೊಳಗೆ ಬೆಂಗಳೂರು ಬರುತ್ತದೆ, ಬರುವ ದಾರಿ ವಲಸೆಯದು. ಕ್ವಿಬೆಕ್ ಹೊರಗೆ ಫ್ರೆಂಚ್ ಮಾತಾಡುವವರ ಪಾಲು ಕುಗ್ಗುತ್ತಿದೆ ಅಂತ ಒಟ್ಟಾವಾಗೆ ಚಿಂತೆ. 2023ರಲ್ಲಿ ಹೊಸದಾದ ಭಾಷಾ ಕಾಯ್ದೆ ವಲಸೆಯ ಮೂಲಕ ಅದನ್ನು ತುಂಬಬೇಕು ಅನ್ನುತ್ತದೆ. ಕ್ವಿಬೆಕ್ ಹೊರಗಿನ ಕಾಯಂ ವಲಸಿಗರಲ್ಲಿ ಫ್ರೆಂಚ್ ಬಲ್ಲವರು 2025ಕ್ಕೆ ಶೇ 8.5, 2027ಕ್ಕೆ ಶೇ 10 ಅಂತ ಗುರಿ ಇಟ್ಟರು. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ (ಅಂಕ ನೋಡಿ ಕಾಯಂ ವಲಸಿಗರನ್ನು ಆರಿಸುವ ವ್ಯವಸ್ಥೆ) 2023ರ ಜುಲೈನಿಂದ ಫ್ರೆಂಚ್ ಬಲ್ಲವರಿಗೇ ಪ್ರತ್ಯೇಕ ಸುತ್ತು ನಡೆಯುತ್ತಿದೆ. 2025ರ ಮಾರ್ಚ್‌ನ ಒಂದು ಸುತ್ತಿನಲ್ಲಿ 7,500 ಜನರನ್ನು ಕರೆದರು, ಕಟ್ ಆಫ್ 379. ಅದೇ ವರ್ಷ ಕೆನಡಾದಲ್ಲೇ ದುಡಿದ ಅನುಭವ ಇದ್ದವರ ಸುತ್ತುಗಳಲ್ಲಿ ಅದು 500ರ ಮೇಲೆ. ಒಳ್ಳೆಯ ಡಿಗ್ರಿ, ಒಳ್ಳೆಯ ಇಂಗ್ಲಿಷ್ ಇದ್ದೂ 470ರಲ್ಲಿ ನಿಂತುಹೋದ ಐಟಿ ಎಂಜಿನಿಯರ್ ಈಗ ಭಾನುವಾರ ಬೆಳಿಗ್ಗೆ ಆನ್‌ಲೈನಿನಲ್ಲಿ ಫ್ರೆಂಚ್ ಕ್ರಿಯಾಪದ ಉರು ಹೊಡೆಯುತ್ತಿರುವುದು ಇದಕ್ಕೇ. ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ಗೆ ಒಂದು ಕಾಲದಲ್ಲಿ ಫ್ರೆಂಚ್ ಸಿನಿಮಾ, ಸಾಹಿತ್ಯದ ಆಸೆಗೆ ಹೋಗುತ್ತಿದ್ದವರು ಇದ್ದರು. ಈಗ 'ಟಿಇಎಫ್‌ಗೆ ಎಷ್ಟು ತಿಂಗಳು ಬೇಕು', ಅಂದರೆ ವಲಸೆಗೆ ಬೇಕಾದ ಫ್ರೆಂಚ್ ಪರೀಕ್ಷೆಗೆ, ಅನ್ನುವುದೇ ದೊಡ್ಡ ಪ್ರಶ್ನೆ.

ಕಲಿಯುವುದು ತಪ್ಪಲ್ಲ. ಆದರೆ ಸರ್ಕಾರದ ಲೆಕ್ಕದಲ್ಲಿ ಒಂದು ತೂತು ಇದೆ. ಫ್ರೆಂಚ್ ನೋಡಿ ಆರಿಸಿದವರು ಕ್ವಿಬೆಕ್ ಹೊರಗೆ ನೆಲೆಸಬೇಕು. ಕ್ವಿಬೆಕ್ ಹೊರಗೆ, ಅಂದರೆ ಟೊರೊಂಟೊದಲ್ಲೋ ಕ್ಯಾಲ್ಗರಿಯಲ್ಲೋ, ಕೆಲಸ ಕೊಡುವವರು ಫ್ರೆಂಚ್ ಕೇಳುವುದಿಲ್ಲ. ಬೀದಿಯಲ್ಲೂ ಬೇಕಾಗುವುದಿಲ್ಲ. ಸಾಂ ಲೆಯೊನಾರ್‌ನ ಇಟಾಲಿಯನ್ ಕುಟುಂಬಗಳು ಐವತ್ತು ವರ್ಷದ ಹಿಂದೆ ಹಾಕಿದ ಲೆಕ್ಕವನ್ನು ಇವರೂ ಹಾಕುತ್ತಾರೆ. ವೀಸಾಗೆ ಬೇಕಾದ ಭಾಷೆ ವೀಸಾ ಬಂದ ಮೇಲೆ ಯಾಕೆ?

ಅದನ್ನು ಬಳಸುವ ಮನಸ್ಸಿರುವವರಿಗೆ ದಾರಿ ಇರುವುದು ಮುಖ್ಯವಾಗಿ ಎರಡು ಕಡೆ. ಒಂದು, ನ್ಯೂ ಬ್ರನ್ಸ್‌ವಿಕ್‌ನ ಮೊಂಕ್ಟನ್‌ನಂಥ ಊರು. ಅಲ್ಲಿನ ಆಸ್ಪತ್ರೆ, ಕಾಲ್ ಸೆಂಟರ್, ವಿಮಾ ಕಚೇರಿಗಳಲ್ಲಿ ಎರಡೂ ಭಾಷೆ ಬಲ್ಲವರಿಗೆ ಬೇಡಿಕೆ ಇದೆ. ಇನ್ನೊಂದು, ಮೊದಲು ಹೇಳಿದ ಬಿಬಿಬಿ ಹುದ್ದೆಗಳು. 2021ರವರೆಗೆ ಕೇಂದ್ರ ನೌಕರಿಯ ಹೊರನೇಮಕಾತಿಯಲ್ಲಿ ಪೌರರಿಗೆ ಆದ್ಯತೆ ಇತ್ತು, ಈಗ ಪಿಆರ್ (ಕಾಯಂ ವಾಸದ ಅನುಮತಿ) ಇದ್ದವರಿಗೂ ಅದೇ ಆದ್ಯತೆ. ಅರ್ಜಿ ಹಾಕುವವರು ಒಂದು ವಿಷಯ ನೆನಪಿಡಬೇಕು: ವಲಸೆಗೆ ಕೊಟ್ಟ ಟಿಇಎಫ್ ಅಂಕಪಟ್ಟಿ ಇಲ್ಲಿ ಲೆಕ್ಕಕ್ಕಿಲ್ಲ. ಸರ್ಕಾರದ್ದೇ ಪರೀಕ್ಷೆಯನ್ನು ಓದು, ಬರಹ, ಮಾತು ಮೂರರಲ್ಲೂ ಹೊಸದಾಗಿ ಕೊಡಬೇಕು.